ಸಂಘದ ಮೊದಲ ಕಂಪ್ಯೂಟರ್: ಕೊಳ್ಳುವ ಮುಂಚೆ ಹೊಂದಿಸಿ ನೋಡೋಣ

(ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಕಳೆದ ಎರಡು ಮೂರು ಸಭೆಗಳಿಂದ ನಿಮ್ಮ ಕಡೆಯಿಂದ ಒಂದೇ ಬೇಡಿಕೆ ಬರುತ್ತಾ ಇದೆ. ಸಂಘದ ಲೆಕ್ಕ ಬರೆಯಲು, ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ ತುಂಬಲು, ಹೊಲಿಗೆ ಘಟಕದ ಬಿಲ್ಲು ಮಾಡಲು ಒಂದು ಕಂಪ್ಯೂಟರ್ ಬೇಕು ಅಂತ. ಕೆಲವು ಸಂಘಗಳು ಸಂಘನಿಧಿಯಿಂದ ಹಣ ತೆಗೆಯಲು ನಿರ್ಣಯವನ್ನೂ ಮಾಡಿವೆ. ಸಂತೋಷ. ಆದರೆ ಒಂದು ನಡಾವಳಿ ಪುಸ್ತಕದಲ್ಲಿ ಹೀಗೊಂದು ಸಾಲು ಇತ್ತು: ಕಂಪ್ಯೂಟರ್ ಖರೀದಿಯ ಜವಾಬ್ದಾರಿಯನ್ನು ಕಾರ್ಯದರ್ಶಿಯವರ ತಮ್ಮನಿಗೆ ಒಪ್ಪಿಸಲಾಯಿತು. ಅಷ್ಟೇ. ಏನು ಕೊಳ್ಳುವುದು, ಯಾಕೆ ಅದೇ ಕೊಳ್ಳುವುದು, ಒಂದು ಮಾತೂ ಇಲ್ಲ.

ಹಸು ಕೊಳ್ಳುವಾಗ ನಾವು ಹೀಗೆ ಮಾಡ್ತೀವಾ? ಹಲ್ಲು ನೋಡ್ತೀವಿ, ಕೆಚ್ಚಲು ಮುಟ್ಟಿ ನೋಡ್ತೀವಿ, ಎರಡು ಹೊತ್ತು ಹಾಲು ಕರೆದು ಅಳೆದು ನೋಡ್ತೀವಿ. ಆಮೇಲೆ ಮುಂಗಡ ಕೊಡ್ತೀವಿ. ಕಂಪ್ಯೂಟರ್ ಅಂದ ಕೂಡಲೇ ಯಾಕೋ "ನಮಗೇನು ಗೊತ್ತಾಗುತ್ತೆ ಸಿಸ್ಟರ್" ಅಂತ ಕೈ ಚೆಲ್ಲಿಬಿಡ್ತೀರಿ. ತಮ್ಮ ಒಳ್ಳೆಯ ಹುಡುಗನೇ ಇರಬಹುದು. ಆದರೆ ಹಣ ಅವನದಲ್ಲ. ವಾರವಾರ ಕೂಲಿಯಲ್ಲಿ ಮಿಗಿಸಿ ಕಟ್ಟಿದ ನಿಮ್ಮ ಉಳಿತಾಯ. ಅದಕ್ಕೇ ಇವತ್ತು ಈ ವಿಷಯ ತೆಗೆದುಕೊಂಡಿದ್ದೇವೆ.

ಕಂಪನಿಯಿಂದ ಪೂರ್ತಿ ಜೋಡಿಸಿ ಬರುವ ಕಂಪ್ಯೂಟರ್ ಒಂದು ಬಗೆ. ಬಿಡಿಭಾಗ ಆರಿಸಿ ಜೋಡಿಸುವುದು ಇನ್ನೊಂದು ಬಗೆ. ಪೇಟೆಯಲ್ಲಿ ಇದಕ್ಕೆ 'ಅಸೆಂಬಲ್ಡ್' ಅನ್ನುತ್ತಾರೆ. ಜೋಡಿಸಿದರೆ ಅನುಕೂಲ ಇದೆ. ಬೇಕಾದ್ದಕ್ಕೆ ಮಾತ್ರ ದುಡ್ಡು ಹಾಕಬಹುದು, ಒಂದು ಭಾಗ ಕೆಟ್ಟರೆ ಅದನ್ನಷ್ಟೇ ಬದಲಿಸಬಹುದು. ಕಷ್ಟವೂ ಒಂದಿದೆ: ಭಾಗಗಳು ಒಂದಕ್ಕೊಂದು ಹೊಂದಬೇಕು. ಕುಕ್ಕರಿನ ಗ್ಯಾಸ್ಕೆಟ್ ನೆನಪು ಮಾಡಿಕೊಳ್ಳಿ. 5 ಲೀಟರ್ ಕುಕ್ಕರಿಗೆ 5 ಲೀಟರ್ ಗ್ಯಾಸ್ಕೆಟ್ ಅಂತ ತಂದರೆ ಸಾಕೇ? ಮುಚ್ಚಳ ಒಳಗೆ ಕೂರುವುದೋ ಹೊರಗೆ ಕೂರುವುದೋ, ಯಾವ ಕಂಪನಿಯದೋ ನೋಡಬೇಕು. ಇಲ್ಲದಿದ್ದರೆ ಆವಿ ಬಿಡುತ್ತದೆ, ಬೇಳೆ ಬೇಯುವುದಿಲ್ಲ. ಗ್ಯಾಸ್ಕೆಟ್ ತಪ್ಪಲ್ಲ, ಕುಕ್ಕರೂ ತಪ್ಪಲ್ಲ. ಜೋಡಿ ತಪ್ಪು.

ನಾವು ಬಲ್ಲ ಒಂದು ಸಂಘದಲ್ಲಿ ಹೀಗೇ ಆಯಿತು. ಬೋರ್ಡು ಒಂದು ಅಂಗಡಿಯಲ್ಲಿ ಕಡಿಮೆ ಅಂತ ಅಲ್ಲಿ ತೆಗೆದುಕೊಂಡರು. ರ‍್ಯಾಮ್ ಇನ್ನೊಂದು ಅಂಗಡಿಯಲ್ಲಿ 200 ರೂಪಾಯಿ ಕಡಿಮೆ ಅಂತ ಅಲ್ಲಿ ತೆಗೆದುಕೊಂಡರು. ಬೋರ್ಡು ಡಿಡಿಆರ್4 ರ‍್ಯಾಮಿನದು, ತಂದದ್ದು ಡಿಡಿಆರ್5. ಕೂರಲಿಲ್ಲ. ವಾಪಸ್ ಒಯ್ದರೆ ಅಂಗಡಿಯವರು "ಪ್ಯಾಕೆಟ್ ಒಡೆದಿದ್ದೀರಿ, ಮಾಲಿನಲ್ಲಿ ಏನೂ ದೋಷ ಇಲ್ಲ, ವಾಪಸ್ ಇಲ್ಲ" ಅಂದರು. ಅಧ್ಯಕ್ಷೆ ಎರಡು ಸಲ ಅಲೆದರು. ಆ ರ‍್ಯಾಮ್ ಬಹಳ ದಿನ ಬೀರುವಿನಲ್ಲೇ ಇತ್ತು.

ಕಾನೂನು ಏನು ಹೇಳುತ್ತದೆ ಅಂತ ಕೇಳುತ್ತೀರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂತು. ದೋಷ ಇರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಳ್ಳಲು ನಿರಾಕರಿಸುವುದು ಅನುಚಿತ ವ್ಯಾಪಾರ. ಬಿಲ್ಲು ಕೊಡದಿರುವುದೂ ಅನುಚಿತ ವ್ಯಾಪಾರವೇ. ಆದರೆ 'ದೋಷ ಇರುವ' ಅನ್ನುವ ಮಾತನ್ನು ಗಮನಿಸಿ. ಆ ರ‍್ಯಾಮಿನಲ್ಲಿ ದೋಷ ಇರಲಿಲ್ಲ. ಹೊಂದದ ಭಾಗವನ್ನು ನಾವೇ ಆರಿಸಿ ತಂದರೆ ಕಾನೂನಿನ ಆಸರೆ ತೀರಾ ಕಡಿಮೆ. ಅಂಗಡಿಯವರೇ ಕೊಟೇಶನ್ ಮೇಲೆ "ಈ ಭಾಗಗಳು ಒಂದಕ್ಕೊಂದು ಹೊಂದುತ್ತವೆ" ಅಂತ ಬರೆದು ಸಹಿ ಮಾಡಿದ್ದರೆ ಮಾತು ಬೇರೆ; ಆಗ ಅದು ಅವರ ಹೇಳಿಕೆ. ಹಾಗಾಗಿ ಹೊಂದಾಣಿಕೆಯನ್ನು ನೋಡುವುದು ದುಡ್ಡು ಕೊಡುವ ಮುಂಚೆ, ಕಾಗದದ ಮೇಲೆ.

ಈಗ ಭಾಗಗಳಿಗೆ ಬರೋಣ. ಮೊದಲು ಕಂಪ್ಯೂಟರಿನಲ್ಲಿ ಏನು ಕೆಲಸ ಅಂತ ಬರೆಯಿರಿ. ಲೆಕ್ಕ, ಕನ್ನಡ ಟೈಪಿಂಗ್, ಅರ್ಜಿ, ಮಕ್ಕಳ ಪಾಠದ ವಿಡಿಯೋ, ಇಷ್ಟೇ ಆದರೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ. ಅಂಗಡಿಯಲ್ಲಿ ಗೇಮ್ ಆಡುವ ಹುಡುಗರಿಗೆ ಬಣ್ಣದ ದೀಪದ ಪೆಟ್ಟಿಗೆ ತೋರಿಸುತ್ತಿರುತ್ತಾರೆ. ನೋಡಿ ಸಂತೋಷಪಡಿ, ಮುಂದೆ ಹೋಗಿ.

ಮೊದಲು ಆರಿಸಬೇಕಾದ್ದು ಪ್ರೊಸೆಸರ್. ಉಳಿದೆಲ್ಲ ಭಾಗಗಳು ಅದರ ಹಿಂದೆ ಬರುತ್ತವೆ. ಇಲ್ಲಿಯೇ ನಮ್ಮವರು ಹೆಚ್ಚು ಮೋಸ ಹೋಗುವುದು. "ಅಕ್ಕ, ಐ5 ಕೊಡ್ತೀನಿ, ಐ3ಗಿಂತ ದೊಡ್ಡದು, ಕಡಿಮೆಗೆ ಮಾಡಿಕೊಡ್ತೀನಿ" ಅಂತಾರೆ. ಐ5 ಅನ್ನುವುದು ಮನೆತನದ ಹೆಸರಿದ್ದ ಹಾಗೆ. ವಯಸ್ಸು ಅದರಲ್ಲಿ ಗೊತ್ತಾಗುವುದಿಲ್ಲ. ವಯಸ್ಸು ಇರುವುದು ಮುಂದಿನ ಅಂಕಿಯಲ್ಲಿ. ಐ5-3470 ಅಂದರೆ 3ನೇ ತಲೆಮಾರು, 2012ರಲ್ಲಿ ಬಂದದ್ದು. ಐ3-12100 ಅಂದರೆ 12ನೇ ತಲೆಮಾರು, 2022ರಲ್ಲಿ ಬಂದದ್ದು. ಹೆಸರಿಗೆ ಸಣ್ಣದಾದ ಈ ಐ3, ಆ ಹಳೆಯ ಐ5ಗಿಂತ ಎಷ್ಟೋ ಚುರುಕು. ಹಳೆಯ ಪ್ರೊಸೆಸರನ್ನು ಯಾವುದೋ ಆಫೀಸಿನ ಹಳೆ ಯಂತ್ರದಿಂದ ಬಿಚ್ಚಿ, ಹೊಸದಾಗಿ ಪ್ಯಾಕ್ ಮಾಡಿದ ಎಚ್61 ಬೋರ್ಡಿನ ಮೇಲೆ ಕೂರಿಸಿ, ಹೊಸ ಪೆಟ್ಟಿಗೆಯಲ್ಲಿಟ್ಟು ಕೊಡುತ್ತಾರೆ. ಪೆಟ್ಟಿಗೆ ಹೊಸದು, ಒಳಗಿನ ಜೀವ ಹಳೆಯದು.

ಅದರಿಂದ ಏನು ತೊಂದರೆ? ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಬೇಕಾದರೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸದು ಇರಬೇಕು, ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆಯೂ ಇರಬೇಕು. 3ನೇ ತಲೆಮಾರಿನ ಯಂತ್ರ ಇದಕ್ಕೆ ಅರ್ಹವಲ್ಲ. ಏನಾದರೂ ಉಪಾಯ ಮಾಡಿ ಹಾಕಿ ಕೊಟ್ಟರೂ ನಾಳೆ ತೊಂದರೆ ಬಂದಾಗ ಕೇಳುವವರಿಲ್ಲ. ಆಮೇಲೆ ದೊಡ್ಡ ಪ್ರೊಸೆಸರ್ ಹಾಕೋಣ ಅಂದರೂ ಆ ಬೋರ್ಡು 3ನೇ ತಲೆಮಾರಿನ ಆಚೆಗೆ ಹೋಗುವುದಿಲ್ಲ. ಅದರ ರ‍್ಯಾಮ್ ಡಿಡಿಆರ್3, ಅದೂ ಹೊಸ ಬೋರ್ಡಿಗೆ ಬರುವುದಿಲ್ಲ. ಹಾಗಂತ ಹಳೆಯದೆಲ್ಲ ಕಸ ಅಂತ ನಾವು ಹೇಳುವುದಿಲ್ಲ. ಹಳೆಯ ಬೆಲೆಗೆ ಸಿಕ್ಕಿ, ಎಸ್‌ಎಸ್‌ಡಿ ಹಾಕಿ, ಉಚಿತವಾದ ಲಿನಕ್ಸ್ ಹಾಕಿದರೆ ಲೆಕ್ಕ ಬರೆಯಲು ಆಗುತ್ತದೆ. ಹೊಸದರ ಬೆಲೆ ಕೊಟ್ಟು ಹಳೆಯದು ತರಬೇಡಿ, ಅಷ್ಟೇ.

ಇನ್ನೊಂದು, ಪ್ರೊಸೆಸರ್ ಹೆಸರಿನ ಕೊನೆಯ ಅಕ್ಷರ. ಐ3-12100 ಮತ್ತು ಐ3-12100ಎಫ್ ಎರಡೂ ಇವೆ. ಎಫ್ ಇರುವುದು ಸ್ವಲ್ಪ ಅಗ್ಗ, ಆದರೆ ಅದರೊಳಗೆ ಚಿತ್ರ ತೋರಿಸುವ ಭಾಗ ಇಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದಿದ್ದರೆ ಪರದೆ ಕಪ್ಪಗೇ ಇರುತ್ತದೆ. ಎಎಂಡಿ ಕಂಪನಿಯದರಲ್ಲಿ ಉಲ್ಟಾ ನೋಡಿ: ರೈಜೆನ್ 5 5600ಜಿ ಅಂದರೆ ಚಿತ್ರದ ಭಾಗ ಇದೆ, ಬರೀ 5600 ಅಂದರೆ ಇಲ್ಲ. ಒಂದು ಕಡೆ ಅಕ್ಷರ ಇದ್ದರೆ ಕಷ್ಟ, ಇನ್ನೊಂದು ಕಡೆ ಅಕ್ಷರ ಇಲ್ಲದಿದ್ದರೆ ಕಷ್ಟ! ಅದಕ್ಕೇ ಕೊಟೇಶನ್‌ನಲ್ಲಿ ಬರೀ 'ಐ3 ಪ್ರೊಸೆಸರ್' ಅಂತ ಬರೆದರೆ ಒಪ್ಪಬೇಡಿ. ಪೂರ್ತಿ ನಂಬರು, ಕೊನೆಯ ಅಕ್ಷರದ ತನಕ ಬರೆಸಿ. ಸೀಲ್ ಆದ ಡಬ್ಬಿಯಲ್ಲಿ ಬರುವುದೋ, ಬಿಡಿಯಾಗಿ ಬರುವುದೋ ಅದನ್ನೂ ಕೇಳಿ. ಡಬ್ಬಿಯದಕ್ಕೆ ಕಂಪನಿಯ 3 ವರ್ಷದ ವಾರಂಟಿ ಇರುತ್ತದೆ, ಈಗ ಹೇಳಿದ ಪ್ರೊಸೆಸರ್‌ಗಳಿಗೆ ಫ್ಯಾನೂ ಜೊತೆಗೇ ಬರುತ್ತದೆ. ಬಿಡಿಯದಕ್ಕೆ ಫ್ಯಾನ್ ಬೇರೆ ಕೊಳ್ಳಬೇಕಾಗಬಹುದು, ವಾರಂಟಿ ಅಂಗಡಿಯವರು ಹೇಳಿದಷ್ಟು.

ಪ್ರೊಸೆಸರ್ ಆದ ಮೇಲೆ ಮದರ್‌ಬೋರ್ಡ್. ಪ್ರೊಸೆಸರ್ ಕೂರುವ ಜಾಗಕ್ಕೆ ಸಾಕೆಟ್ ಅನ್ನುತ್ತಾರೆ. ಐ3-12100ಕ್ಕೆ ಎಲ್‌ಜಿಎ 1700 ಸಾಕೆಟ್ ಬೇಕು. ಅಗ್ಗದ ಬೋರ್ಡುಗಳಲ್ಲಿ ಅದು ಎಚ್610 ಅನ್ನುವ ಹೆಸರಿನಲ್ಲಿ ಸಿಗುತ್ತದೆ. ರೈಜೆನ್ 5600ಜಿಗೆ ಎಎಂ4 ಸಾಕೆಟ್. ಇವನ್ನು ಅದಲು ಬದಲು ಮಾಡಲು ಬರುವುದಿಲ್ಲ.

"ಸಾಕೆಟ್ ಒಂದೇ ಆದರೆ ಆಯ್ತಲ್ಲ ಸಿಸ್ಟರ್" ಅಂತ ಒಬ್ಬ ತಂಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಆಗುವುದಿಲ್ಲ. ಇಂಟೆಲ್‌ನ 6, 7ನೇ ತಲೆಮಾರಿಗೂ 8, 9ನೇ ತಲೆಮಾರಿಗೂ ಸಾಕೆಟ್ ನಂಬರು 1151ವೇ. ನೋಡಲು ಒಂದೇ ತರಹ. ಆದರೆ 8ನೇ ತಲೆಮಾರಿನ ಐ3-8100 ತಂದು 6ನೇ ತಲೆಮಾರಿಗಾಗಿ ಮಾಡಿದ ಎಚ್110 ಬೋರ್ಡಿನ ಮೇಲಿಟ್ಟರೆ ಕೆಲಸ ಮಾಡುವುದಿಲ್ಲ. ಅದಕ್ಕೆ ಎಚ್310ನಂತಹ ಬೋರ್ಡು ಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ಬರೆದಿಟ್ಟುಕೊಳ್ಳಿ. ಎಷ್ಟೋ ಜನ ಇಲ್ಲಿಯೇ ಮುಗ್ಗರಿಸುತ್ತಾರೆ.

ಮೂರನೆಯದಾಗಿ, ಸಾಕೆಟ್ ಸರಿ, ಬೋರ್ಡಿನ ಜಾತಿಯೂ ಸರಿ, ಆದರೂ ಆನ್ ಆಗದೇ ಇರಬಹುದು. ಬೋರ್ಡಿನೊಳಗೆ ಬಯೋಸ್ ಅನ್ನುವ ಚಿಕ್ಕ ಪ್ರೋಗ್ರಾಮ್ ಇರುತ್ತದೆ. ಬೋರ್ಡು ತಯಾರಾದ ನಂತರ ಬಂದ ಪ್ರೊಸೆಸರನ್ನು ಅದು ಗುರುತಿಸುವುದಿಲ್ಲ, ಹೊಸ ಆವೃತ್ತಿ ಹಾಕಬೇಕು. ಎಚ್610 ಬೋರ್ಡು 12ನೇ ತಲೆಮಾರಿನ ಜೊತೆಗೇ ಬಂದದ್ದರಿಂದ ಐ3-12100ಕ್ಕೆ ಈ ಚಿಂತೆ ಇಲ್ಲ. ಅದೇ ಬೋರ್ಡಿಗೆ 14ನೇ ತಲೆಮಾರಿನದು ಹಾಕುತ್ತೇವೆ ಅಂದರೆ "ಬಯೋಸ್ ಅಪ್‌ಡೇಟ್ ಮಾಡಿ ಕೊಡ್ತೀರಾ?" ಅಂತ ಕೇಳಿ. ಬೋರ್ಡು ತಯಾರಿಸುವ ಪ್ರತಿ ಕಂಪನಿಯೂ ಯಾವ ಬೋರ್ಡಿಗೆ ಯಾವ ಪ್ರೊಸೆಸರ್, ಯಾವ ಬಯೋಸ್‌ನಿಂದ ನಡೆಯುತ್ತದೆ ಅನ್ನುವ ಪಟ್ಟಿಯನ್ನು ತನ್ನ ಜಾಲತಾಣದಲ್ಲಿ ಹಾಕಿರುತ್ತದೆ. ಕಾಲೇಜಿಗೆ ಹೋಗುವ ನಿಮ್ಮ ಮಗಳ ಹತ್ತಿರ ಮೊಬೈಲಿನಲ್ಲಿ ಆ ಪಟ್ಟಿ ತೆಗೆಸಿ. ಇಂಗ್ಲಿಷ್ ಬರದಿದ್ದರೂ ಅಂಕಿ ಓದಲು ನಿಮಗೆ ಬರುತ್ತದೆ. ನಿಮ್ಮ ಪ್ರೊಸೆಸರ್ ನಂಬರು ಆ ಪಟ್ಟಿಯಲ್ಲಿ ಇದೆಯೋ ಇಲ್ಲವೋ, ಅಷ್ಟನ್ನು ನೋಡಿದರೆ ಸಾಕು.

ಇನ್ನು ರ‍್ಯಾಮ್. ಡಿಡಿಆರ್4 ಪಟ್ಟಿ, ಡಿಡಿಆರ್5 ಪಟ್ಟಿ ಎರಡರಲ್ಲೂ 288 ಪಿನ್, ಉದ್ದವೂ ಒಂದೇ. ಕೆಳಗಿನ ಕಚ್ಚು ಮಾತ್ರ ಬೇರೆ ಜಾಗದಲ್ಲಿದೆ, ಅದಕ್ಕೇ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಒತ್ತಿ ಕೂರಿಸಲು ಹೋದರೆ ಮುರಿಯುತ್ತದೆ. ಎಎಂ4 ಬೋರ್ಡಿಗೆ ಡಿಡಿಆರ್4 ಮಾತ್ರ. ಅದರ ನಂತರ ಬಂದ ಎಎಂ5ಕ್ಕೆ ಡಿಡಿಆರ್5 ಮಾತ್ರ. ಎಚ್610ರಲ್ಲಿ ಎರಡು ಬಗೆಯ ಬೋರ್ಡೂ ಬರುತ್ತವೆ, ಒಂದು ಬೋರ್ಡಿಗೆ ಒಂದೇ ಬಗೆ. ಹೆಸರಲ್ಲಿ ಎಚ್610 ಇದೆ ಅಂತ ಸುಮ್ಮನಾಗಬೇಡಿ, ಯಾವ ಡಿಡಿಆರ್ ಅಂತ ಬರೆಸಿ. ಲ್ಯಾಪ್‌ಟಾಪ್‌ನ ರ‍್ಯಾಮ್ ಗಿಡ್ಡ, ಡೆಸ್ಕ್‌ಟಾಪಿಗೆ ಬರುವುದಿಲ್ಲ. ಯಾರೋ ಸುಮ್ಮನೆ ಕೊಟ್ಟರು ಅಂತ ತರಬೇಡಿ.

ಎಷ್ಟು ರ‍್ಯಾಮ್ ಬೇಕು? ನಮ್ಮ ಕೆಲಸಕ್ಕೆ 8 ಜಿಬಿಯಿಂದ ಆರಂಭಿಸಬಹುದು. ಒಂದೇ 8 ಜಿಬಿ ಪಟ್ಟಿ ಹಾಕಿ ಇನ್ನೊಂದು ಜಾಗ ಖಾಲಿ ಬಿಟ್ಟರೆ, ಕೈಯಲ್ಲಿ ಹಣ ಆದಾಗ ಇನ್ನೊಂದು ಹಾಕಿ 16 ಮಾಡಬಹುದು. 5600ಜಿ ಹಾಕಿದವರಿಗೆ ಎರಡು ಪಟ್ಟಿ ಹಾಕಿದರೆ ಒಳ್ಳೆಯದು, ಯಾಕೆಂದರೆ ಅದರ ಚಿತ್ರದ ಭಾಗ ಇದೇ ರ‍್ಯಾಮನ್ನು ಹಂಚಿಕೊಳ್ಳುತ್ತದೆ. ಬೆಲೆ ಎಷ್ಟು ಅಂತ ನಾವು ಇಲ್ಲಿ ಹೇಳುವುದಿಲ್ಲ. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಟೊಮೇಟೊ ಬೆಲೆಯ ಹಾಗೆ ಏರಿತು. ಚಿಪ್ ಮಾಡುವ ಕಂಪನಿಗಳು ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಕೇಂದ್ರಗಳಿಗೆ ಮಾಲು ಕಳಿಸತೊಡಗಿದ್ದೇ ಅದಕ್ಕೆ ಮುಖ್ಯ ಕಾರಣ. ಹೋದ ವರ್ಷ ಯಾರೋ ಹೇಳಿದ ಬೆಲೆ ಇಟ್ಟುಕೊಂಡು ನಿರ್ಣಯ ಬರೆಯಬೇಡಿ. ಅದೇ ವಾರದ ಕೊಟೇಶನ್ ತನ್ನಿ.

ಎಸ್‌ಎಸ್‌ಡಿ ಬೇಕೇ ಬೇಕು. ಹಳೆಯ ಹಾರ್ಡ್ ಡಿಸ್ಕ್ ಒಂದನ್ನೇ ನಂಬಿದರೆ ಕಂಪ್ಯೂಟರ್ ಎದ್ದೇಳುವ ಹೊತ್ತಿಗೆ ಹಾಲು ಉಕ್ಕಿರುತ್ತದೆ. ನಮ್ಮ ಕೆಲಸಕ್ಕೆ 256 ಜಿಬಿ ಸಾಕು. ಅದರಲ್ಲೂ ಎರಡು ಬಗೆ: ತಂತಿ ಹಾಕಿ ಜೋಡಿಸುವ ಸಾಟಾ ಪೆಟ್ಟಿಗೆ, ಬೋರ್ಡಿನ ಮೇಲೇ ಕೂರುವ ಎಂ.2 ಪಟ್ಟಿ. ಎಂ.2 ಆಕಾರದಲ್ಲೂ ಎನ್‌ವಿಎಂಇ ಒಂದು, ಸಾಟಾ ಒಂದು. ನಿಮ್ಮ ಬೋರ್ಡಿನ ಜಾಗ ಯಾವುದನ್ನು ಸ್ವೀಕರಿಸುತ್ತದೆ ಅಂತ ಕೇಳಿ ಅದನ್ನೇ ಕೊಳ್ಳಿ.

ಕ್ಯಾಬಿನೆಟ್ ವಿಷಯ ಸುಲಭ. ಅಗ್ಗದ ಬೋರ್ಡುಗಳು ಹೆಚ್ಚಾಗಿ ಮೈಕ್ರೋ ಎಟಿಎಕ್ಸ್ ಅಳತೆಯವು, ಅದು ಹಿಡಿಸುವ ಪೆಟ್ಟಿಗೆ ಯಾವುದಾದರೂ ಆದೀತು. ಇಲ್ಲಿ ಉಳಿತಾಯ ಮಾಡಿ. ಆದರೆ ಪೆಟ್ಟಿಗೆ ಜೊತೆ ಉಚಿತ ಅಂತ ಬರುವ ಎಸ್‌ಎಂಪಿಎಸ್ ವಿಷಯದಲ್ಲಿ ಹುಷಾರು. ಕರೆಂಟನ್ನು ಪಳಗಿಸಿ ಎಲ್ಲ ಭಾಗಗಳಿಗೂ ಹಂಚುವುದು ಅದೇ. ನಮ್ಮ ಹಳ್ಳಿಗಳ ವೋಲ್ಟೇಜ್ ನಿಮಗೇ ಗೊತ್ತು. ಅದು ಸುಡುವಾಗ ಒಂಟಿಯಾಗಿ ಸುಡದೇ ಬೋರ್ಡನ್ನೂ ಕರೆದುಕೊಂಡು ಹೋಗಬಹುದು. ಮೇಲೆ 80 ಪ್ಲಸ್ ಗುರುತು ಇರುವ, ಹೆಸರಾಂತ ಕಂಪನಿಯ 450 ವ್ಯಾಟಿನದು ಹಾಕಿ. ಐ3-12100 ಜೋರಾಗಿ ದುಡಿದರೂ 89 ವ್ಯಾಟ್ ಆಸುಪಾಸು, ಆದ್ದರಿಂದ ಇದು ಧಾರಾಳ. ಬೋರ್ಡಿಗೆ 24 ಪಿನ್ ತಂತಿ, ಪ್ರೊಸೆಸರಿಗೆ ಬೇರೆ 4 ಅಥವಾ 8 ಪಿನ್ ತಂತಿ ಬೇಕು, ಎರಡೂ ಇವೆಯೇ ನೋಡಿ. ದೊಡ್ಡ ಕಂಪನಿಗಳ ಹಳೆ ಆಫೀಸ್ ಕಂಪ್ಯೂಟರ್ ಕೊಳ್ಳುವವರಿಗೆ ಒಂದು ಮಾತು: ಅವುಗಳಲ್ಲಿ ಕೆಲವಕ್ಕೆ ತಮ್ಮದೇ ಅಳತೆಯ ಬೋರ್ಡು, ತಮ್ಮದೇ ಪಿನ್ನಿನ ಎಸ್‌ಎಂಪಿಎಸ್ ಇರುತ್ತದೆ. ಕೆಟ್ಟರೆ ಪೇಟೆಯ ಸಾಮಾನ್ಯ ಭಾಗ ಹೊಂದುವುದಿಲ್ಲ.

ಮಾನಿಟರ್ ಯಾರಾದರೂ ದಾನ ಕೊಟ್ಟರೆ ಅದರ ಹಿಂದೆ ನೋಡಿ. ಹಳೆಯದರಲ್ಲಿ ವಿಜಿಎ ಮಾತ್ರ ಇರಬಹುದು. ಹಾಗಿದ್ದರೆ ಬೋರ್ಡಿನಲ್ಲೂ ವಿಜಿಎ ಬೇಕು. ಅಗ್ಗದ ಬೋರ್ಡುಗಳಲ್ಲಿ ಸಾಮಾನ್ಯವಾಗಿ ವೈಫೈ ಇರುವುದಿಲ್ಲ, ಮೊಬೈಲ್ ನೆಟ್ಟಿನಿಂದ ನಡೆಸುವವರು ಒಂದು ಯುಎಸ್‌ಬಿ ವೈಫೈ ಕಡ್ಡಿಯನ್ನೂ ಪಟ್ಟಿಗೆ ಸೇರಿಸಿ. ಯುಪಿಎಸ್ ಮೇಲೆ 600 ವಿಎ ಅಂತ ಬರೆದಿದ್ದರೆ ಅದು 600 ವ್ಯಾಟ್ ಅಲ್ಲ, ಸಾಮಾನ್ಯವಾಗಿ 360 ವ್ಯಾಟ್ ಇರುತ್ತದೆ. ನಮ್ಮ ಕಂಪ್ಯೂಟರಿಗೆ ಸಾಕು. ಕರೆಂಟು ಹೋದಾಗ ಬರೆದದ್ದನ್ನು ಉಳಿಸಿ ಮುಚ್ಚಲು ಹೊತ್ತು ಸಿಗುತ್ತದೆ. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಸಿಕ್ಕಿಸಬೇಡಿ. ಸಂಘದ ಕೋಣೆಯಲ್ಲಿ ಅರ್ಥಿಂಗ್ ಇದೆಯೇ ಅಂತ ಕಂಪ್ಯೂಟರ್ ಬರುವ ಮೊದಲೇ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ.

ವಿಂಡೋಸ್ ಬೇಕೋ ಲಿನಕ್ಸ್ ಬೇಕೋ ಅನ್ನುವುದೂ ಹೊಂದಾಣಿಕೆಯ ಪ್ರಶ್ನೆಯೇ. ಟ್ಯಾಲಿ, ನುಡಿ ತಂತ್ರಾಂಶ ಬಳಸುವವರಿಗೆ ವಿಂಡೋಸ್ ಬೇಕು. ಬೆರಳಚ್ಚು ಯಂತ್ರವೂ ಸಾಮಾನ್ಯವಾಗಿ ಅದನ್ನೇ ಕೇಳುತ್ತದೆ. ಅದರ ಪರವಾನಗಿಗೆ ಹಣ ಮೊದಲೇ ಎತ್ತಿಡಿ. ಬರೀ ಲೆಕ್ಕ, ಪತ್ರ, ಇಂಟರ್ನೆಟ್ ಆದರೆ ಉಬುಂಟು, ಲಿಬ್ರೆಆಫೀಸ್ ಸಾಕು, ಎರಡೂ ಉಚಿತ. ನಮ್ಮ ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ ಕಗಪ ಕೀಲಿಮಣೆ ಅದರಲ್ಲೂ ಸಿಗುತ್ತದೆ. ಅಂಗಡಿಯವರು "ಸುಮ್ಮನೆ ಹಾಕಿಕೊಡ್ತೀನಿ" ಅನ್ನುವ ಕಳ್ಳ ವಿಂಡೋಸ್ ಬೇಡವೇ ಬೇಡ. ಸಂಘದ ಬ್ಯಾಂಕ್ ಖಾತೆ ನೋಡುವ ಯಂತ್ರ ಅದು.

ಎಲ್ಲಿ ಕೊಳ್ಳುವುದು? ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಗ್ಗ ಅಂತ ಎಲ್ಲರೂ ಹೇಳುತ್ತಾರೆ, ನಿಜವೂ ಇರಬಹುದು. ಹತ್ತಿರದವರು ಹೋಗಿ. ದೂರದವರಿಗೆ ನಮ್ಮ ಅಭಿಪ್ರಾಯ ಬೇರೆ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತ ಆಯಿತು, ಸರಿ. ಆದರೆ ವಾರಂಟಿಗೆ ಅಂತ ಹೋಗಿ ಬರುವ ಒಂದು ದಿನದ ಕೂಲಿ ಯಾರೂ ಕೊಡುವುದಿಲ್ಲ. ಕೆಲವು ನೂರು ಹೆಚ್ಚಾದರೂ ತಾಲ್ಲೂಕು ಕೇಂದ್ರದಲ್ಲಿ, ಎಲ್ಲವನ್ನೂ ಒಂದೇ ಅಂಗಡಿಯಲ್ಲಿ ಕೊಳ್ಳುವುದು ಲೇಸು. ಬೇರೆ ಬೇರೆ ಅಂಗಡಿಯಾದರೆ "ಅವರ ಬೋರ್ಡಿನ ತಪ್ಪು", "ಅವರ ರ‍್ಯಾಮಿನ ತಪ್ಪು" ಅಂತ ಇಬ್ಬರೂ ನಿಮ್ಮನ್ನು ಓಡಾಡಿಸುತ್ತಾರೆ.

ಮೂರು ಅಂಗಡಿಗಳಿಂದ ಕೊಟೇಶನ್ ತೆಗೆದುಕೊಳ್ಳಿ, ಆದರೆ ಮೂವರಿಗೂ ಒಂದೇ ಪಟ್ಟಿ ಕೊಡಿ. ಬೇರೆ ಬೇರೆ ಭಾಗಗಳ ಬೆಲೆ ಹೋಲಿಸಿದರೆ ಏನೂ ಗೊತ್ತಾಗುವುದಿಲ್ಲ. ಬೆಲೆಯಲ್ಲಿ 18 ಶೇಕಡಾ ಜಿಎಸ್‌ಟಿ ಸೇರಿದೆಯೇ ಕೇಳಿ. ಬಿಲ್ಲು ಸಂಘದ ಹೆಸರಿನಲ್ಲಿ, ಪ್ರತಿ ಭಾಗದ ನಂಬರು, ವಾರಂಟಿ ಸಹಿತ ಇರಲಿ. ಬಿಲ್ಲು ಬೇಡ ಅಂದರೆ ಇಷ್ಟು ಕಡಿಮೆ ಅನ್ನುವ ಮಾತಿಗೆ ಮರುಳಾಗಬೇಡಿ. ತೊಂದರೆಯಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವೂ ಇಲ್ಲ. ಎರಡು ಕಡೆಯೂ ಮೊದಲು ಕೇಳುವುದು ಬಿಲ್ಲನ್ನೇ.

ಅಂಗಡಿಯಲ್ಲೇ, ನಿಮ್ಮ ಎದುರಿಗೇ ಜೋಡಿಸಲು ಹೇಳಿ. ಇಬ್ಬರು ಸದಸ್ಯೆಯರು ಹೋಗಿ ಕುಳಿತುಕೊಳ್ಳಿ, ಆ ತಮ್ಮನೂ ಬರಲಿ, ಬ್ಯಾಗು ಹಿಡಿದುಕೊಳ್ಳಲು ಒಬ್ಬರು ಬೇಕಲ್ಲ. ಡಬ್ಬಿಯ ಸೀಲ್ ನಿಮ್ಮ ಮುಂದೆ ಒಡೆಯಲಿ. ಆನ್ ಆದ ಮೇಲೆ ಪರದೆಯಲ್ಲಿ ಪ್ರೊಸೆಸರಿನ ಹೆಸರು, ರ‍್ಯಾಮ್ ಎಷ್ಟು ಅಂತ ತೋರಿಸಲು ಹೇಳಿ. ಬಯೋಸ್‌ನಲ್ಲೂ ಕಾಣುತ್ತದೆ, ವಿಂಡೋಸ್‌ನಲ್ಲೂ ಕಾಣುತ್ತದೆ. ಬಿಲ್ಲಿನ ಜೊತೆ ಹೊಂದಿಸಿ ನೋಡಿ. ಸರಿಯಿದ್ದರೆ ಬಾಕಿ ಹಣ ಕೊಡಿ. ಮನೆಗೆ ಬಂದ ಮೇಲೆ ಖಾಲಿ ಡಬ್ಬಿಗಳನ್ನು ಒಲೆ ಹಚ್ಚಲು ತೆಗೆದುಕೊಳ್ಳಬೇಡಿ, ವಾರಂಟಿ ಮುಗಿಯುವ ತನಕ ಅಟ್ಟದ ಮೇಲಿರಲಿ. ಸೀರಿಯಲ್ ನಂಬರು ಅದರ ಮೇಲೂ ಇರುತ್ತದೆ.

ನಿರ್ಣಯ ಮಾಡಿರುವ ಸಂಘಗಳವರು ಮುಂದಿನ ತಿಂಗಳ ಸಭೆಗೆ ನಿಮ್ಮ ಕೊಟೇಶನ್‌ಗಳನ್ನು ತನ್ನಿ. ಊಟವಾದ ಮೇಲೆ ಒಟ್ಟಿಗೆ ಕುಳಿತು ಒಂದೊಂದೇ ನಂಬರನ್ನು ಬೋರ್ಡಿನ ಪಟ್ಟಿಯ ಜೊತೆ ಹೊಂದಿಸಿ ನೋಡೋಣ. ಅಲ್ಲಿಯ ತನಕ ಮುಂಗಡ ಕೊಡಬೇಡಿ.